ನೋಟ್ಸ್ ಸಾಕಾ, ಡೆಕಾರ್ಟ್‌ನನ್ನೇ ಓದಬೇಕಾ?

ಪ್ರಶ್ನೆ: ಬಿ.ಎ.ಯಲ್ಲಿ ತತ್ವಶಾಸ್ತ್ರ ತೆಗೆದುಕೊಂಡಿದ್ದೇನೆ. ಈ ಸೆಮಿಸ್ಟರ್‌ನಲ್ಲಿ ಡೆಕಾರ್ಟ್‌ನಿಂದ ಕಾಂಟ್‌ವರೆಗೆ 17-18ನೇ ಶತಮಾನದ ಏಳು ಯುರೋಪಿಯನ್ ತತ್ವಜ್ಞಾನಿಗಳು ಇದ್ದಾರೆ. ಸೀನಿಯರ್ ಕೊಟ್ಟ ನೋಟ್ಸ್ ಚೆನ್ನಾಗಿದೆ. ಅಷ್ಟು ಹಳೆಯ ಮೂಲ ಪುಸ್ತಕಗಳನ್ನು ಓದಲೇಬೇಕಾ?

ಉತ್ತರ: ಪಾಸಾಗುವುದಕ್ಕಾದರೆ ನೋಟ್ಸ್ ಸಾಕು. ಸುಳ್ಳು ಯಾಕೆ ಹೇಳಲಿ, ನಾನೂ ಹಾಗೇ ಪಾಸಾದವನು. ಡೆಕಾರ್ಟ್, ಸ್ಪಿನೋಜಾ, ಲೈಬ್ನಿಜ್ ಬುದ್ಧಿವಾದಿಗಳು, ಅಂದರೆ ಜ್ಞಾನಕ್ಕೆ ಬುದ್ಧಿಯೇ ಮೂಲ ಅನ್ನುವವರು. ಲಾಕ್, ಬರ್ಕ್ಲಿ, ಹ್ಯೂಮ್ ಅನುಭವವಾದಿಗಳು, ಇಂದ್ರಿಯಗಳ ಅನುಭವವೇ ಮೂಲ ಅನ್ನುವವರು. ಕೊನೆಗೆ ಕಾಂಟ್ ಬಂದು ಜಗಳ ಬಿಡಿಸಿದ. ಇಷ್ಟು ಬರೆದೆ, ಅಂಕ ಬಂತು.

ಆಮೇಲೆ ಪುಸ್ತಕ ಕೈಗೆತ್ತಿಕೊಂಡಾಗ ತಲೆ ಕೆಟ್ಟಿತು. ಈ ಮೂರು-ಮೂರರ ಲೆಕ್ಕ ಆ ಆರು ಜನರಲ್ಲಿ ಯಾರೂ ಹಾಕಿಕೊಂಡದ್ದಲ್ಲ. ಕಾಂಟ್ ಆದಮೇಲೆ, 19ನೇ ಶತಮಾನದ ಇತಿಹಾಸಕಾರರ ಕೈಯಲ್ಲಿ ಅದು ಗಟ್ಟಿಯಾಯಿತು. ಪಾಠ ಮಾಡುವವರಿಗೆ ಅನುಕೂಲ, ಅಷ್ಟೆ. ‘ಅನುಭವವಾದಿ’ ಬರ್ಕ್ಲಿ ಗಮನವಿಟ್ಟು ಓದಿದವರಲ್ಲಿ ಡೆಕಾರ್ಟ್‌ನ ದಾರಿಯಲ್ಲೇ ನಡೆದ ಮಾಲ್‌ಬ್ರಾಂಶ್ ಒಬ್ಬ. ಎರಡು ಗುಂಪಿನ ನಡುವಿನ ಗೆರೆ ಅಲ್ಲೇ ಅಳಿಸಿಹೋಗುತ್ತದೆ.

ಇನ್ನೊಂದು ನೋಡಿ. ‘ನಾನು ಯೋಚಿಸುತ್ತೇನೆ, ಆದ್ದರಿಂದ ಇದ್ದೇನೆ’ ಎಂಬ ಡೆಕಾರ್ಟ್‌ನ ಮಾತು ಅವನ ‘ಮೆಡಿಟೇಶನ್ಸ್’ ಪುಸ್ತಕದಲ್ಲಿದೆ ಅಂತ ಎಷ್ಟೋ ನೋಟ್ಸ್‌ಗಳಲ್ಲಿ ಇರುತ್ತದೆ. 1641ರ ಆ ಪುಸ್ತಕದಲ್ಲಿ ಅದು ಆ ರೂಪದಲ್ಲಿ ಇಲ್ಲ. 1637ರ ‘ಡಿಸ್ಕೋರ್ಸ್’ನಲ್ಲಿ ಇದೆ, 1644ರ ‘ಪ್ರಿನ್ಸಿಪಲ್ಸ್’ನಲ್ಲಿ ಇದೆ. ‘ಮೆಡಿಟೇಶನ್ಸ್’ನಲ್ಲಿ ಅವನು ಹೇಳುವುದು ಬೇರೆ ಥರ: ‘ನಾನಿದ್ದೇನೆ’ ಎಂಬುದು ನಾನು ಅದನ್ನು ಹೇಳಿದಾಗಲೆಲ್ಲ, ಮನಸ್ಸಿನಲ್ಲಿ ಅಂದುಕೊಂಡಾಗಲೆಲ್ಲ ನಿಜವಾಗಿರಲೇಬೇಕು. ಇಲ್ಲಿ ‘ಆದ್ದರಿಂದ’ ಇಲ್ಲ. ಹಾಗಾದರೆ ಇದು ತರ್ಕವೋ, ನೇರವಾಗಿ ಕಂಡುಕೊಂಡದ್ದೋ? ವಿದ್ವಾಂಸರು ಈಗಲೂ ಕಿತ್ತಾಡುತ್ತಾರೆ. ನೋಟ್ಸ್ ಓದಿದವರಿಗೆ ಜಗಳ ಇದೆ ಅಂತಲೇ ಗೊತ್ತಾಗುವುದಿಲ್ಲ.

ನಿಜ ಹೇಳಬೇಕೆಂದರೆ ಈ ಕಾಲದ ಸ್ವಾರಸ್ಯ ಇರುವುದೇ ಜಗಳದಲ್ಲಿ. ಡೆಕಾರ್ಟ್ ‘ಮೆಡಿಟೇಶನ್ಸ್’ನ ಹಸ್ತಪ್ರತಿಯನ್ನು ಮೊದಲೇ ಬೇರೆಯವರಿಗೆ ಓದಿಸಿ, ಅವರ ಆಕ್ಷೇಪಗಳನ್ನೂ ತನ್ನ ಉತ್ತರಗಳನ್ನೂ ಸೇರಿಸಿಯೇ ಪುಸ್ತಕ ಅಚ್ಚು ಹಾಕಿಸಿದ. ಆಕ್ಷೇಪ ಎತ್ತಿದವರಲ್ಲಿ ಇಂಗ್ಲೆಂಡಿನ ತತ್ವಜ್ಞಾನಿ ಹಾಬ್ಸ್ ಇದ್ದಾನೆ, ಫ್ರಾನ್ಸಿನ ಗಸೆಂಡಿ ಇದ್ದಾನೆ. ಗಸೆಂಡಿಗೆ ಕೊಟ್ಟ ಉತ್ತರದಲ್ಲಂತೂ ಸಿಟ್ಟು ಎದ್ದು ಕಾಣುತ್ತದೆ.

ಆದರೆ ನನ್ನ ಮಟ್ಟಿಗೆ ಎಲ್ಲರಿಗಿಂತ ಗಟ್ಟಿ ಪ್ರಶ್ನೆ ಕೇಳಿದವಳು ರಾಜಕುಮಾರಿ ಎಲಿಸಬೆತ್. ಅವಳ ಅಪ್ಪ ಬೊಹೀಮಿಯದ ಸಿಂಹಾಸನ ಕಳೆದುಕೊಂಡಿದ್ದ. ಅವಳು ಹಾಲೆಂಡಿನ ಹೇಗ್ ಊರಿನಲ್ಲಿ ದೇಶ ಬಿಟ್ಟು ಬಂದವಳಾಗಿ ಇದ್ದಳು. 1643ರ ಮೇ ತಿಂಗಳಲ್ಲಿ ಡೆಕಾರ್ಟ್‌ಗೆ ಕಾಗದ ಬರೆದಾಗ ವಯಸ್ಸು 24. ಕೇಳಿದ್ದು ಇಷ್ಟೇ: ಆತ್ಮ ಬರೀ ಯೋಚಿಸುವ ವಸ್ತು, ಅದಕ್ಕೆ ಉದ್ದ ಅಗಲ ಇಲ್ಲ ಅನ್ನುತ್ತೀರಿ. ಒಂದು ವಸ್ತುವನ್ನು ದೂಡಬೇಕಾದರೆ ತಾಗಬೇಕು ತಾನೇ? ಹಾಗಿದ್ದಮೇಲೆ ಆತ್ಮ ದೇಹವನ್ನು ಅಲ್ಲಾಡಿಸುವುದು ಹೇಗೆ?

ಡೆಕಾರ್ಟ್ ಭಾರದ ಉದಾಹರಣೆ ಕೊಟ್ಟ. ಭಾರ ಕಲ್ಲನ್ನು ಕೆಳಕ್ಕೆ ಎಳೆಯುತ್ತದೆ ಅಂದುಕೊಳ್ಳುವಾಗ, ಅದು ಕಲ್ಲನ್ನು ತಾಗಿ ದೂಡುತ್ತಿದೆ ಅಂತ ನಾವು ಭಾವಿಸುವುದಿಲ್ಲವಲ್ಲ, ಹಾಗೇ ಇದೂ ಎಂದ. ಎಲಿಸಬೆತ್ ಬಿಡಲಿಲ್ಲ. ಭಾರದ ಬಗ್ಗೆ ಆ ಕಲ್ಪನೆಯೇ ತಪ್ಪು ಅಂತ ನೀವೇ ಹೇಳುವವರು, ಅದನ್ನೇ ತಂದು ಇಲ್ಲಿ ಹೇಗೆ ನಂಬಿಸುತ್ತೀರಿ ಎಂದು ತಿರುಗಿ ಬರೆದಳು. ದೇಹವೇ ಇಲ್ಲದ್ದು ದೇಹವನ್ನು ಅಲ್ಲಾಡಿಸುತ್ತದೆ ಅಂತ ಒಪ್ಪುವುದಕ್ಕಿಂತ, ಆತ್ಮಕ್ಕೂ ಉದ್ದ ಅಗಲ ಇದೆ ಅಂತ ಒಪ್ಪುವುದೇ ನನಗೆ ಸುಲಭ ಅಂದಳು. ಅದೇ ಕಾಗದದಲ್ಲಿ, ಮನೆಯ ವ್ಯವಹಾರ, ಬಂದವರ ಜೊತೆ ಮಾತುಕತೆ, ಇವುಗಳ ಮಧ್ಯೆ ಯೋಚನೆ ಮಾಡಲು ಪುರುಸೊತ್ತಾದರೂ ಎಲ್ಲಿ ಅಂತ ಗೋಳು ಬೇರೆ.

ಅವಳ ಕಾಗದಗಳು ಅಚ್ಚಾದದ್ದು 1879ರಲ್ಲಿ. ಅಲ್ಲಿಯವರೆಗೆ ಓದುಗರಿಗೆ ಸಿಕ್ಕಿದ್ದು ಡೆಕಾರ್ಟ್‌ನ ಉತ್ತರಗಳು ಮಾತ್ರ. ಫೋನಿನಲ್ಲಿ ಒಂದು ಕಡೆಯ ಮಾತು ಕೇಳಿಸಿಕೊಂಡ ಹಾಗೆ, ಅಲ್ವಾ?

ಹಾಗಾಗಿ ನಿಮಗೆ ನಾನು ಹೇಳುವುದು: ಏಳು ಜನರನ್ನೂ ಪೂರ್ತಿ ಓದಲು ಹೋಗಬೇಡಿ. ಲಾಕ್‌ನ ‘ಎಸ್ಸೇ’ ತುಂಬಾ ದಪ್ಪ, ಅರ್ಧದಲ್ಲೇ ಸೋತುಹೋಗುತ್ತೀರಿ. ‘ಮೆಡಿಟೇಶನ್ಸ್’ನ ಮೊದಲ ಎರಡು ಭಾಗ ಓದಿ. ಆ ಜೇನುಮೇಣದ ತುಂಡು ಬರುವುದು ಎರಡನೆಯದರಲ್ಲಿ. ಹೂವಿನ ವಾಸನೆ ಇನ್ನೂ ಇದೆ, ಗಟ್ಟಿಯಾಗಿದೆ, ಬೆರಳಲ್ಲಿ ಕುಟ್ಟಿದರೆ ಸದ್ದು. ಬೆಂಕಿಯ ಹತ್ತಿರ ಹಿಡಿದರೆ ವಾಸನೆಯೂ ಇಲ್ಲ, ಆಕಾರವೂ ಇಲ್ಲ. ಆದರೂ ಅದೇ ಮೇಣ ಅನ್ನುತ್ತೇವೆ. ಯಾಕೆ? ಅಲ್ಲೇ ಪುಸ್ತಕ ಮುಚ್ಚಿ, ನಿಮ್ಮ ಉತ್ತರ ಒಂದು ಹಾಳೆಯಲ್ಲಿ ಬರೆದಿಟ್ಟು ಮುಂದೆ ಓದಿ. ಆಮೇಲೆ ಎಲಿಸಬೆತ್‌ಳ ಕಾಗದಗಳು. ಜೊನಾಥನ್ ಬೆನೆಟ್ ಇವನ್ನೆಲ್ಲ ಸುಲಭ ಇಂಗ್ಲಿಷಿಗೆ ಇಳಿಸಿ ‘ಅರ್ಲಿ ಮಾಡರ್ನ್ ಟೆಕ್ಸ್ಟ್ಸ್’ ಜಾಲತಾಣದಲ್ಲಿ ಪುಕ್ಕಟೆ ಇಟ್ಟಿದ್ದಾರೆ. ನೋಟ್ಸ್ ಕೊನೆಗಿರಲಿ, ಪರೀಕ್ಷೆಯ ಹಿಂದಿನ ವಾರಕ್ಕೆ.

ದಿನಕ್ಕೆ ಎಷ್ಟು ಹೊತ್ತು ಓದಬೇಕು ಅಂತ ಕೇಳಬೇಡಿ. ಬರೀ ಬುದ್ಧಿಗೆ ಸೇರಿದ ಯೋಚನೆಗೆ ತಾನು ವರ್ಷಕ್ಕೆ ಕೆಲವೇ ಗಂಟೆ ಕೊಡುತ್ತೇನೆ ಅಂತ ಡೆಕಾರ್ಟ್ 1643ರ ಜೂನ್‌ನಲ್ಲಿ ಎಲಿಸಬೆತ್‌ಗೆ ಬರೆದಿದ್ದ. ಇದನ್ನು ಮನೆಯಲ್ಲಿ ಮಾತ್ರ ಹೇಳಬೇಡಿ.