ಅಂಗಳ ಯಾರ ಪಾಲಿಗೆ? ಬಾಡಿಗೆ ಕರಾರಿನಲ್ಲಿ ಬರೆಯದೆ ಬಿಡುವ ಕೆಲಸಗಳು

ಬೆಂಗಳೂರಿನ ಬಾಡಿಗೆ ಕರಾರುಗಳಲ್ಲಿ ಫ್ಯಾನು ಎಷ್ಟು, ಗೀಸರ್ ಎಷ್ಟು, ಟ್ಯೂಬ್‌ಲೈಟ್ ಎಷ್ಟು ಎಂಬ ಲೆಕ್ಕ ತಪ್ಪದೆ ಇರುತ್ತದೆ. ಬಾಗಿಲಾಚೆಗಿನ ಹುಲ್ಲುಹಾಸು, ಹಿತ್ತಲಿನ ತೆಂಗಿನ ಮರ, ಕಾಂಪೌಂಡ್ ಪಕ್ಕದ ಒಳಚರಂಡಿ ಚೇಂಬರ್, ತಾರಸಿಯಿಂದ ನೀರಿಳಿಯುವ ಪೈಪು ಇವೆಲ್ಲ ‘ಬಾಡಿಗೆದಾರರು ಮನೆಯನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳತಕ್ಕದ್ದು’ ಎಂಬ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತವೆ. ಅಡ್ವಾನ್ಸ್ ವಾಪಸ್ ಕೊಡುವ ದಿನ ಜಗಳ ಶುರುವಾಗುವುದು ಈ ಸಾಲಿನಿಂದಲೇ.

ಬರೆಯದಿದ್ದರೇನು, ಕಾನೂನು ಇದೆಯಲ್ಲ ಎನ್ನುವವರು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮನ್ನು ಒಮ್ಮೆ ನಿಧಾನವಾಗಿ ಓದಬೇಕು. ಮನೆ ಕೈಗೆ ಬಂದಾಗ ಇದ್ದ ಸ್ಥಿತಿಯಲ್ಲೇ ಬಾಡಿಗೆದಾರ ಹಿಂದಿರುಗಿಸಬೇಕು, ಬಳಕೆಯಿಂದ ಸಹಜವಾಗಿ ಆಗುವ ಸವೆತಕ್ಕೆ ವಿನಾಯಿತಿ ಉಂಟು ಎಂದು ಅದು ಹೇಳುತ್ತದೆ. ಮಾಲೀಕರು ಮಾಡಿಸಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟರೂ ಮಾಡಿಸದಿದ್ದರೆ ಬಾಡಿಗೆದಾರ ತಾನೇ ಮಾಡಿಸಿ, ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು ಎಂದೂ ಹೇಳುತ್ತದೆ. ಆದರೆ ‘ಮಾಡಿಸಬೇಕಾದ’ ರಿಪೇರಿ ಯಾವುದು? ಅದರ ಪಟ್ಟಿ ಅಲ್ಲಿಲ್ಲ. ಕರಾರಿನಲ್ಲೋ ಊರ ರೂಢಿಯಲ್ಲೋ ಅದನ್ನು ತೋರಿಸಲಾಗದಿದ್ದರೆ ಬಾಡಿಗೆದಾರನಿಗೆ ಹಿಡಿತವೇ ಸಿಗುವುದಿಲ್ಲ.

ಪಟ್ಟಿ ಇರುವುದು ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ. ಕಟ್ಟಡದ ರಿಪೇರಿ, ಸುಣ್ಣಬಣ್ಣ, ಪೈಪು ಬದಲಾವಣೆ, ವೈರಿಂಗ್ ಮಾಲೀಕರ ಕಡೆ; ನಲ್ಲಿ ವಾಷರ್, ಚರಂಡಿ ಶುಚಿ, ಸ್ವಿಚ್ಚು, ಬೀಗ, ಸೊಳ್ಳೆ ಜಾಲರಿ, ಜೊತೆಗೆ ತಾನು ಬಳಸುವ ತೋಟ ಮತ್ತು ಖಾಲಿ ಜಾಗದ ನಿರ್ವಹಣೆ ಬಾಡಿಗೆದಾರನ ಕಡೆ. (ಮನೆ ಬಿಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ನಮ್ಮ ರೂಢಿ ಈ ಪಟ್ಟಿಗೆ ನೇರ ವಿರುದ್ಧ. ಯಾರೂ ತಕರಾರು ತೆಗೆಯುವುದಿಲ್ಲ, ಅದು ಬೇರೆ ಮಾತು.) ಇದು ಮಾದರಿ ಮಾತ್ರ, ರಾಜ್ಯ ತನ್ನ ಕಾನೂನಾಗಿ ತರದ ಹೊರತು ಯಾರನ್ನೂ ಕಟ್ಟಿಹಾಕುವುದಿಲ್ಲ. ಆದರೂ ಕರಾರು ಬರೆಯಲು ಕೂತಾಗ ಮುಂದಿಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯ ಕರಡಿಲ್ಲ.

ಅದರಲ್ಲೂ ‘ತೋಟದ ನಿರ್ವಹಣೆ’ ಎಂಬ ಎರಡು ಪದ ಸಾಲುವುದಿಲ್ಲ. ಪ್ರತಿ ಕೆಲಸಕ್ಕೂ ಮೂರು ಉತ್ತರ ಬರೆದಿಡಿ: ಮಾಡುವವರು ಯಾರು, ದುಡ್ಡು ಯಾರದು, ಮಾಡಬೇಕೋ ಬೇಡವೋ ಎಂದು ತೀರ್ಮಾನಿಸುವವರು ಯಾರು. ವಾರ, ಹದಿನೈದು ದಿನಕ್ಕೊಮ್ಮೆ ಮರಳಿ ಬರುವ ಕೆಲಸ ಮನೆಯಲ್ಲಿ ಇರುವವರದು. ಬಾಡಿಗೆದಾರ ಹೋದ ಮೇಲೂ ಉಳಿಯುವ ಸ್ವತ್ತಿನ ಖರ್ಚು ಮಾಲೀಕರದು. ಗುಡಿಸುವುದು, ಕಳೆ ಕೀಳುವುದು, ನೀರು ಹಾಕುವುದು ಮೊದಲ ಗುಂಪಿಗೆ. ಮರ, ಕಾಂಪೌಂಡ್, ಗೇಟಿನ ಹಿಂಜು, ನೆಲದಡಿಯ ಪೈಪು ಎರಡನೆಯದಕ್ಕೆ.

ನೀರಿನ ಲೆಕ್ಕವನ್ನು ಬಹುತೇಕರು ಮರೆಯುತ್ತಾರೆ. 300 ಚದರಡಿ ಹುಲ್ಲುಹಾಸಿಗೆ ಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ 5 ಲೀಟರ್ ಹಿಡಿದರೂ 140 ಲೀಟರ್, ತಿಂಗಳಿಗೆ 4,200 ಲೀಟರ್. ಜಲಮಂಡಳಿಯ ಗೃಹಬಳಕೆಯ ಮೊದಲ ಸ್ಲ್ಯಾಬ್ (ಕಡಿಮೆ ದರದ ಹಂತ) ಇರುವುದೇ ತಿಂಗಳಿಗೆ 8,000 ಲೀಟರ್. ಮೂರು ಮನೆಗೆ ಒಂದೇ ಮೀಟರ್ ಇದ್ದು ಬಿಲ್ಲನ್ನು ಸಮನಾಗಿ ಹಂಚುತ್ತಿದ್ದರೆ, ಮೇಲಿನ ಮಹಡಿಯವರು ಕೆಳಮನೆಯವರ ಹುಲ್ಲಿಗೆ ದುಡ್ಡು ಕಟ್ಟುತ್ತಿರುತ್ತಾರೆ. ಜೊತೆಗೆ 2024ರ ಮಾರ್ಚ್‌ನಲ್ಲಿ ಆದಂತೆ ಗಿಡಕ್ಕೆ ಕುಡಿಯುವ ನೀರು ಹಾಕುವುದನ್ನು ಮಂಡಳಿ ನಿಷೇಧಿಸಿ 5,000 ರೂ. ದಂಡ ಇಟ್ಟರೆ, ಒಣಗಿದ ಹುಲ್ಲಿಗೆ ಹೊಣೆ ಯಾರು? ‘ನಿಷೇಧ ಇರುವಾಗ ಹುಲ್ಲು ಒಣಗಿದರೆ ಅಡ್ವಾನ್ಸ್‌ನಲ್ಲಿ ಹಿಡಿಯುವಂತಿಲ್ಲ’ ಎಂದು ಒಂದು ಸಾಲು ಸೇರಿಸಿ. ಮಳೆನೀರು ಕೊಯ್ಲು ಅಳವಡಿಸದ ದಂಡವೂ ನೀರಿನ ಬಿಲ್ಲಿನಲ್ಲೇ ಬರುತ್ತದೆ. ಬಿಲ್ಲು ಕಟ್ಟುವುದು ಬಾಡಿಗೆದಾರನಾದರೂ ಆ ಮೊತ್ತ ಮಾಲೀಕರದೇ.

ಇನ್ನು ತೆಂಗಿನ ಮರ. ಚೆನ್ನಾಗಿರುವ ಮರ ತಿಂಗಳಿಗೆ ಸುಮಾರು ಒಂದು ಗರಿ ಬಿಡುತ್ತದೆ, ಒಂದು ಗೊನೆ ಮೂಡಿಸುತ್ತದೆ. ಎರಡು ತಿಂಗಳು ಯಾರೂ ಹತ್ತದಿದ್ದರೆ ಒಣಗರಿ, ಬಲಿತ ಕಾಯಿ ಎರಡೂ ತಲೆ ಮೇಲೆ ತೂಗುತ್ತಿರುತ್ತವೆ. ಕೆಳಗೆ ಕಾರು ನಿಲ್ಲುವ ಜಾಗವಿದ್ದರಂತೂ ಮುಗಿಯಿತು. ರೂಢಿಯಲ್ಲಿ ಕಾಯಿ ಮಾಲೀಕರಿಗೆ, ಬಿದ್ದ ಗರಿ ಎಳೆದುಹಾಕುವ ಕೆಲಸ ಬಾಡಿಗೆದಾರನಿಗೆ. ಕಾಯಿ ಯಾರಿಗೋ ಮರ ಹತ್ತುವವರ ಕೂಲಿಯೂ ಅವರದೇ ಆಗಬೇಕು, ಇದರಲ್ಲಿ ರಾಜಿ ಬೇಡ. ಕರಾರಿನಲ್ಲಿ ಹೀಗೆ ಬರೆಯಬಹುದು: ‘ಹಿತ್ತಲಿನ ತೆಂಗಿನ ಮರದ ಕಾಯಿ, ಒಣಗರಿಗಳನ್ನು 60 ದಿನಕ್ಕೊಮ್ಮೆ ಮಾಲೀಕರು ತಮ್ಮ ಖರ್ಚಿನಲ್ಲಿ ಇಳಿಸತಕ್ಕದ್ದು. ತಪ್ಪಿದಲ್ಲಿ ಬಾಡಿಗೆದಾರರು ವಾಟ್ಸ್‌ಆ್ಯಪ್ ಮೂಲಕ ತಿಳಿಸಿ, 7 ದಿನ ಕಾದು, ತಾವೇ ಇಳಿಸಿ, ಕೂಲಿಯನ್ನು ಮುಂದಿನ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು.’

ಮರ ಕಡಿಯುವ ತೀರ್ಮಾನ ಮಾತ್ರ ಬಾಡಿಗೆದಾರನ ಕೈಗೆ ಎಂದೂ ಹೋಗಬಾರದು. ತೆಂಗಿನಂಥ ಕೆಲವು ವಿನಾಯಿತಿ ಪಡೆದ ಜಾತಿಗಳನ್ನು ಬಿಟ್ಟರೆ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷ ಅಧಿಕಾರಿಯ ಅನುಮತಿ ಬೇಕಾದ ಕೆಲಸ ಅದು. ಕರೆಂಟ್ ತಂತಿಗೆ ತಾಗುವ ಕೊಂಬೆ ಕಂಡರೆ ಫೋಟೋ ಸಮೇತ ಮಾಲೀಕರಿಗೆ, ಬೆಸ್ಕಾಂಗೆ ತಿಳಿಸುವವರೆಗೆ ಬಾಡಿಗೆದಾರನ ಕೆಲಸ.

ಚೇಂಬರ್ ಕಟ್ಟಿಕೊಂಡಾಗ ಯಾರು ದುಡ್ಡು ಕೊಡಬೇಕು ಎಂಬುದನ್ನು ವಾದದಿಂದಲ್ಲ, ಹೊರಬಂದ ವಸ್ತುವಿನಿಂದ ತೀರ್ಮಾನಿಸಿ. ಬೇರಿನ ಎಳೆ, ಮಣ್ಣು, ಪೈಪಿನ ಚೂರು ಬಂದರೆ ಕೀಲು ಬಿಟ್ಟಿದೆ, ಖರ್ಚು ಮಾಲೀಕರದು. ಬಟ್ಟೆ, ಪ್ಯಾಡ್, ಗಟ್ಟಿಯಾದ ಜಿಡ್ಡು ಬಂದರೆ ಬಳಸಿದವರದು. ಅದಕ್ಕೂ ಮೊದಲು ರಸ್ತೆ ಬದಿಯ ಕೊನೆಯ ಚೇಂಬರಿನ ಮುಚ್ಚಳ ತೆಗೆದು ನೋಡಿ. ಅದೂ ತುಂಬಿದ್ದರೆ ಕಟ್ಟಿರುವುದು ಬಹುಮಟ್ಟಿಗೆ ಮಂಡಳಿಯ ಲೈನು. ಮಂಡಳಿಯ ಸಹಾಯವಾಣಿ 1916ಕ್ಕೆ ದೂರು ಕೊಡಿ, ಪ್ಲಂಬರ್‌ಗೆ ಸುಮ್ಮನೆ ದುಡ್ಡು ಸುರಿಯಬೇಡಿ. ಯಾರ ಸರದಿಯೇ ಆಗಲಿ, ಒಳಗೆ ಮನುಷ್ಯನನ್ನು ಇಳಿಸುವಂತಿಲ್ಲ. ಸುರಕ್ಷತಾ ಸಾಧನಗಳಿಲ್ಲದೆ ಒಳಚರಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ಜನರನ್ನು ಇಳಿಸಿ ಶುಚಿ ಮಾಡಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಜೈಲಿಗೆ ಹೋಗುವ ಅಪರಾಧ. ಕೆಲಸಕ್ಕೆ ಕರೆಸಿದವರು ಬಾಡಿಗೆದಾರರಾಗಿದ್ದರೆ ಅವರೂ ಸಿಕ್ಕಿಬೀಳುತ್ತಾರೆ.

ತಾರಸಿಯ ಜಾಲರಿಗೆ ಮೇ ತಿಂಗಳಲ್ಲೇ ಕೈ ಹಾಕಬೇಕು. 1,000 ಚದರಡಿ ತಾರಸಿಯ ಮೇಲೆ 50 ಮಿ.ಮೀ. ಮಳೆ ಬಿದ್ದರೆ 4,600 ಲೀಟರ್ ನೀರು. ಎರಡು ಹಿಡಿ ತರಗೆಲೆ ಪೈಪಿನ ಬಾಯಿಗೆ ಕೂತರೆ ಅದು ನಿಂತು, ಹಳೆಯ ತಾರಸಿಯಾದರೆ ಒಳಗೆ ಇಳಿಯುತ್ತದೆ. ತಾರಸಿಯ ಕೀಲಿ ಯಾರ ಬಳಿ ಇದೆಯೋ ಎಲೆ ತೆಗೆಯುವ ಹೊಣೆ ಅವರದು. ಕೀಲಿ ತಮ್ಮ ಬಳಿ ಇಟ್ಟುಕೊಂಡು ಸೋರಿಕೆಗೆ ಬಾಡಿಗೆದಾರನನ್ನು ದೂರುವ ಮಾಲೀಕರ ವಾದಕ್ಕೆ ಬುಡವಿಲ್ಲ. ಕುಂಡದ ತಟ್ಟೆ, ಹಳೆಯ ಟೈರು, ಎಳನೀರು ಬುರುಡೆಯಲ್ಲಿ ನಿಂತ ನೀರು ಮಾತ್ರ ಇರುವವರದ್ದೇ ತಪ್ಪು. ಡೆಂಗಿ ನಿಯಂತ್ರಣಕ್ಕೆ 2024ರಲ್ಲಿ ಬಂದ ನಿಯಮದಲ್ಲಿ ಸೊಳ್ಳೆ ಮರಿಗೆ ಜಾಗ ಕೊಟ್ಟ ಮನೆಗೆ ನಗರದಲ್ಲಿ 400 ರೂ., ಹಳ್ಳಿಯಲ್ಲಿ 200 ರೂ. ದಂಡವಿದೆ.

ಮನೆಗೆ ಬಂದ ದಿನ ಅಂಗಳದ ನಾಲ್ಕು ಮೂಲೆ, ಪ್ರತಿ ಮರದ ಬುಡ, ಮುಚ್ಚಳ ತೆಗೆದ ಚೇಂಬರ್, ಕಾಂಪೌಂಡಿನ ಬಿರುಕು ಇಷ್ಟರ ಫೋಟೋ ತೆಗೆದು ಮಾಲೀಕರಿಗೆ ಅಂದೇ ಕಳಿಸಿ. ತಾರೀಖು ತಾನಾಗಿ ದಾಖಲಾಗುತ್ತದೆ. ಪಕ್ಕದ ಸೈಟಿನವರು ಕಾಂಪೌಂಡ್ ಒತ್ತಿ ಕಟ್ಟಲು ಶುರುಮಾಡಿದರೆ ಮಾಲೀಕರಿಗೆ ತಡಮಾಡದೆ ತಿಳಿಸುವುದೂ 108ನೇ ಕಲಮಿನ ಪ್ರಕಾರ ಬಾಡಿಗೆದಾರನ ಕರ್ತವ್ಯ.

ನೆಟ್ಟ ಗಿಡದ ಮಾತಿಗೆ ಬಂದರೆ, ಕುಂಡದ್ದು ತಂದವರದು. ನೆಲದಲ್ಲಿ ನೆಟ್ಟ ಗುಲಾಬಿ, ಕರಿಬೇವನ್ನೂ ಬಾಡಿಗೆದಾರ ಕಿತ್ತೊಯ್ಯಬಹುದು. ಆದರೆ ಗುಂಡಿ ಮುಚ್ಚಿ ಜಾಗವನ್ನು ಮೊದಲಿನಂತೆ ಮಾಡಬೇಕು, ಮತ್ತು ಸ್ವಾಧೀನ ಕೈಯಲ್ಲಿರುವಾಗಲೇ ಕಿತ್ತಿರಬೇಕು. ಕೀಲಿ ಕೊಟ್ಟು ಎರಡು ದಿನದ ಮೇಲೆ ಗಿಡ ಕೇಳಿಕೊಂಡು ಬಂದರೆ ಕೊಡುವುದು ಬಿಡುವುದು ಮಾಲೀಕರ ಮರ್ಜಿ.