ಶಾರ್ಟ್‌ಕಟ್ ವೈರಸ್ಸು ಲಿನಕ್ಸ್‌ನಲ್ಲಿ ಏಕೆ ಏಳುವುದಿಲ್ಲ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ, ಮಕ್ಕಳ ಓದಿಗೆಂದು ಕೊಂಡ ಎಷ್ಟೋ ಕಂಪ್ಯೂಟರ್‌ಗಳು ಕಲಬುರಗಿಯ ಮನೆಗಳಲ್ಲಿ ಇದ್ದಕ್ಕಿದ್ದಂತೆ ‘ಹಳೆಯವು’ ಎನಿಸಿಕೊಂಡಿವೆ. ವಿಂಡೋಸ್ 11 ಹಾಕಿಸೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ, ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೆಯ ಪೀಳಿಗೆಯಿಂದ ಈಚಿನ ಪ್ರೊಸೆಸರನ್ನೂ ಬೇಡುತ್ತದೆ. ಆದರೆ ನಾಲ್ಕನೆಯ ಪೀಳಿಗೆಯ ಪ್ರೊಸೆಸರ್ ಆ ದಿನ ಸವೆದುಹೋಗಲಿಲ್ಲ. ನಿಂತದ್ದು ಅದರ ಮೇಲೆ ಓಡುವ ತಂತ್ರಾಂಶದ ದುರಸ್ತಿ ಮಾತ್ರ. 8 ಜಿಬಿ ರ‍್ಯಾಮ್ ಮತ್ತು ಒಂದು ಎಸ್‌ಎಸ್‌ಡಿ (ವೇಗದ ಡಿಸ್ಕು) ಇದ್ದರೆ, ವಿಂಡೋಸ್‌ನ ಬದಲಿಗೆ ಹಾಕಿಕೊಳ್ಳಬಹುದಾದ ಲಿನಕ್ಸ್‌ನ ಒಂದು ರೂಪ, ಲಿನಕ್ಸ್ ಮಿಂಟ್‌ನಂತಹ ವ್ಯವಸ್ಥೆ ಅಂತಹ ಯಂತ್ರದಲ್ಲಿ ಆರಾಮವಾಗಿ ನಡೆಯುತ್ತದೆ. ಇಷ್ಟು ಹೇಳುವಷ್ಟರಲ್ಲಿ ಎದುರಿಗಿದ್ದವರು ಕೇಳುವುದು ಒಂದೇ ಮಾತು: “ಲಿನಕ್ಸ್‌ಗೆ ವೈರಸ್ ಬರಂಗಿಲ್ಲಂತ, ಖರೇ ಏನ್ರಿ?”

ಹೌದೆಂದುಬಿಟ್ಟರೆ ಇನ್ನೊಂದು ಮೂಢನಂಬಿಕೆಗೆ ನೀರೆರೆದಂತಾಗುತ್ತದೆ. ಆಯುಧಪೂಜೆಯ ದಿನ ಸಿಪಿಯುಗೆ ಕುಂಕುಮ ಹಚ್ಚುವುದರಿಂದ ಯಾರಿಗೂ ನಷ್ಟವಿಲ್ಲ. ಆದರೆ ವೈರಸ್ ಎಂದರೆ ಎಲ್ಲಿಂದಲೋ ಬಂದು ಅಮರಿಕೊಳ್ಳುವ ಪೀಡೆ, ಫಾರ್ಮ್ಯಾಟ್ ಹೊಡೆಸುವುದೇ ಅದಕ್ಕೆ ಪರಿಹಾರ ಎಂಬ ನಂಬಿಕೆಗೆ ಎಷ್ಟೋ ಮನೆಗಳ ಮದುವೆಯ ಫೋಟೊಗಳು ಬಲಿಯಾಗಿವೆ.

ನಮ್ಮ ಭಾಗದಲ್ಲಿ ಎಲ್ಲರೂ ಬಲ್ಲ ಶಾರ್ಟ್‌ಕಟ್ ವೈರಸ್ಸನ್ನೇ ನೋಡೋಣ. ಅರ್ಜಿಯ ಪ್ರಿಂಟ್ ತೆಗೆಸಲು ಝೆರಾಕ್ಸ್ ಅಂಗಡಿಗೆ ಒಯ್ದ ಪೆನ್‌ಡ್ರೈವನ್ನು ಮನೆಗೆ ತಂದು ವಿಂಡೋಸ್‌ನಲ್ಲಿ ತೆರೆದರೆ, ಫೋಲ್ಡರ್‌ಗಳಿದ್ದ ಜಾಗದಲ್ಲಿ ಅದೇ ಹೆಸರಿನ, ಮೂಲೆಯಲ್ಲಿ ಸಣ್ಣ ಬಾಣದ ಗುರುತಿರುವ ಕಡತಗಳು ಕಾಣಿಸುತ್ತವೆ. ಅದೇ ಪೆನ್‌ಡ್ರೈವನ್ನು ಲಿನಕ್ಸ್‌ಗೆ ಹಾಕಿದೊಡನೆ ಗುಟ್ಟೆಲ್ಲ ರಟ್ಟಾಗುತ್ತದೆ: ‘ಮಾರ್ಕ್ಸ್‌ಕಾರ್ಡ್’ ಎಂಬ ನಿಜವಾದ ಫೋಲ್ಡರ್, ಅದರ ಪಕ್ಕದಲ್ಲಿ ಅದೇ ಹೆಸರಿಗೆ ‘.ಎಲ್‌ಎನ್‌ಕೆ’ ಎಂಬ ಬಾಲ ಅಂಟಿಕೊಂಡ ಒಂದೆರಡು ಕೆಬಿಯ ಕಡತ, ಕೆಳಗೆಲ್ಲೋ ‘.ವಿಬಿಎಸ್’ ಬಾಲದ ಒಂದು ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಆಜ್ಞೆಗಳನ್ನು ಬರೆದಿಟ್ಟ ಕಡತ. ವೈರಸ್ಸು ನಿಜವಾದ ಫೋಲ್ಡರಿಗೆ ‘ಮರೆಯಾಗಿರಬೇಕಾದದ್ದು’, ‘ಸಿಸ್ಟಂಗೆ ಸೇರಿದ್ದು’ ಎಂಬ ಎರಡು ಗುರುತುಗಳನ್ನು ಹಚ್ಚಿದೆ, ಅಷ್ಟೇ. ವಿಂಡೋಸ್ ಆ ಗುರುತುಗಳಿಗೆ ಬೆಲೆ ಕೊಟ್ಟು ಫೋಲ್ಡರನ್ನು ಬಚ್ಚಿಡುತ್ತದೆ. ಲಿನಕ್ಸ್‌ನಲ್ಲಿ ಹೆಸರಿನ ಮೊದಲಿಗೆ ಚುಕ್ಕೆಯಿರುವ ಕಡತ ಮಾತ್ರ ಮರೆಯಾಗುವ ರೂಢಿ ಇರುವುದರಿಂದ ಎಲ್ಲವೂ ಕಣ್ಣಿಗೆ ಬೀಳುತ್ತದೆ. ಬಾಣದ ಕಡತವನ್ನು ಒತ್ತಿದಾಗ ವಿಂಡೋಸ್ ಮೊದಲು ಸ್ಕ್ರಿಪ್ಟನ್ನು ಓಡಿಸಿ, ಅದರ ಬೆನ್ನಿಗೇ ನಿಜವಾದ ಫೋಲ್ಡರನ್ನೂ ತೆರೆದು ತೋರಿಸುತ್ತದೆ, ಹೀಗಾಗಿ ಒತ್ತಿದವರಿಗೆ ಸಂಶಯವೇ ಬರುವುದಿಲ್ಲ. ಇದನ್ನು ಪುಡಿ ಕಳ್ಳರ ಕೈಚಳಕವೆಂದು ತಳ್ಳಿಹಾಕಬೇಕಾಗಿಲ್ಲ. 2010ರಲ್ಲಿ ಬೆಳಕಿಗೆ ಬಂದ, ಇರಾನಿನ ನತಾನ್ಜ್ ಅಣುಕೇಂದ್ರದ ಯಂತ್ರಗಳನ್ನು ಕೆಡಿಸಿದ ಸ್ಟಕ್ಸ್‌ನೆಟ್ ಕೂಡ ಪೆನ್‌ಡ್ರೈವ್‌ನ ಇಂತಹದೇ ಬಾಣದ ಕಡತಗಳ ಮೂಲಕ ಹರಡಿತು; ಅದಕ್ಕೆ ಒತ್ತುವುದೂ ಬೇಕಿರಲಿಲ್ಲ, ಅದರ ಚಿತ್ರ ಪರದೆಯ ಮೇಲೆ ಮೂಡಿದರೆ ಸಾಕಿತ್ತು.

ಇನ್ನು ‘.ಇಎಕ್ಸ್‌ಇ’ ಕಡತಗಳ ವಿಷಯ. ಅಂತಹ ಕಡತವನ್ನು ಬೈಟ್ ಬೈಟಾಗಿ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ತೆರೆದರೆ ಮೊದಲ ಎರಡು ಅಕ್ಷರಗಳು ‘ಎಂ’ ಮತ್ತು ‘ಝಡ್’ ಆಗಿರುತ್ತವೆ. ವಿಂಡೋಸ್‌ಗೂ ಮುಂಚಿನ ಡಾಸ್ ವ್ಯವಸ್ಥೆಯ ಕಾಲದ ಮೈಕ್ರೋಸಾಫ್ಟ್ ಎಂಜಿನಿಯರ್ ಮಾರ್ಕ್ ಝ್ಬಿಕೋವ್ಸ್ಕಿ ಅವರ ಹೆಸರಿನ ಮೊದಲಕ್ಷರಗಳವು, ಇಂದಿಗೂ ಪ್ರತಿಯೊಂದು ವಿಂಡೋಸ್ ಪ್ರೋಗ್ರಾಮಿನ ಹಣೆಯ ಮೇಲಿವೆ. ಲಿನಕ್ಸ್‌ನ ಪ್ರೋಗ್ರಾಮಿನಲ್ಲಿ ಮೊದಲ ಬೈಟಿನ ನಂತರ ‘ಇಎಲ್‌ಎಫ್’ ಎಂದಿರುತ್ತದೆ. ಕಡತವನ್ನು ಓಡಿಸುವ ಮುನ್ನ ವ್ಯವಸ್ಥೆಯ ತಿರುಳಾದ ಕರ್ನಲ್ ಈ ಗುರುತನ್ನು ನೋಡುತ್ತದೆ. ತಿಳಿಯದ ಗುರುತಾದರೆ ಅಲ್ಲಿಗೇ ಕೈಬಿಡುತ್ತದೆ. ಹೇಗೋ ಇದನ್ನು ದಾಟಿತೆಂದು ಇಟ್ಟುಕೊಂಡರೂ ಮುಂದೆ ದೊಡ್ಡ ತೊಡಕಿದೆ. ಯಾವ ಪ್ರೋಗ್ರಾಮೂ ಡಿಸ್ಕನ್ನು ತಾನೇ ಮುಟ್ಟುವಂತಿಲ್ಲ. ‘ಈ ಕಡತ ತೆರೆ’, ‘ಇಷ್ಟು ಬೈಟ್ ಬರೆ’ ಎಂದು ಕರ್ನಲ್ಲನ್ನೇ ಕೇಳಬೇಕು, ಮತ್ತು ಕೇಳುವ ಕ್ರಮ ಎರಡು ವ್ಯವಸ್ಥೆಗಳಲ್ಲಿ ಪೂರ್ತಿ ಬೇರೆ. ಬೇರೆ ಊರಿನ ಅಡತಿ ಅಂಗಡಿಯ ಚೀಟಿ ಹಿಡಿದು ಕಲಬುರಗಿಯ ಎಪಿಎಂಸಿಗೆ ಬಂದವರಿಗೆ ಇಲ್ಲಿನ ಅಡತಿಯವರು ತೊಗರಿಯ ಹಣ ಎಣಿಸಿಕೊಡುವುದಿಲ್ಲ. ಚೀಟಿ ಸುಳ್ಳಲ್ಲ, ಅದರ ಲೆಕ್ಕ ಇಲ್ಲಿನ ಖಾತೆಯಲ್ಲಿಲ್ಲ. ವಿಂಡೋಸ್‌ಗೆಂದು ಬರೆದ, ಅಂಗಡಿ ಲೆಕ್ಕದ ತಂತ್ರಾಂಶ ಟ್ಯಾಲಿ ಲಿನಕ್ಸ್‌ನಲ್ಲಿ ನೇರವಾಗಿ ಓಡದಿರುವುದೂ ಇದೇ ಕಾರಣಕ್ಕೆ. ಹಾಗಾಗಿ ವಿಂಡೋಸಿನ ವೈರಸ್ಸು ಏಳದಿರುವುದನ್ನು ಲಿನಕ್ಸ್‌ನ ಸದ್ಗುಣವೆಂದು ಹೊಗಳುವವರು, ಟ್ಯಾಲಿ ಏಳದಿರುವುದನ್ನೂ ಅದೇ ಉಸಿರಿನಲ್ಲಿ ಹೊಗಳಬೇಕಾಗುತ್ತದೆ.

ಸದ್ಗುಣ ಇರುವುದು ಬೇರೆಡೆ, ಮತ್ತು ಅದರ ಬೇರು ಹಳೆಯದು. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಕಟ್ಟತೊಡಗಿದ ಯುನಿಕ್ಸ್, ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುವ ವ್ಯವಸ್ಥೆಯಾಗಿ ಬೆಳೆಯಿತು. ಒಬ್ಬರ ಕಡತವನ್ನು ಇನ್ನೊಬ್ಬರು ಕೆಡಿಸಬಾರದೆಂಬ ಕಟ್ಟುಪಾಡು ಅದಕ್ಕೆ ಮೊದಲಿನಿಂದಲೇ ಬೇಕಿತ್ತು. ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಬರೆಯುವಾಗ ಆ ಕಟ್ಟುಪಾಡನ್ನೂ ಉಳಿಸಿಕೊಂಡರು. 1981ರ ಡಾಸ್‌ಗೆ ಬಳಕೆದಾರರು ಒಬ್ಬರೇ. ತಡೆಯುವ ಪ್ರಶ್ನೆಯೇ ಇರಲಿಲ್ಲ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಅನುಮತಿಗಳ ಏರ್ಪಾಡು ಇದ್ದರೂ ಮನೆಯವರೆಲ್ಲ ಎಲ್ಲ ಅಧಿಕಾರವೂ ಇರುವ ಅಡ್ಮಿನ್ ಆಗಿಯೇ ಕೂರುತ್ತಿದ್ದರು; 2007ರಲ್ಲಿ ವಿಸ್ತಾ ಬಂದ ಮೇಲೆ ಅದು ಅನುಮತಿ ಕೇಳಲಾರಂಭಿಸಿತು. ಇಂದು ಈ ವಿಷಯದಲ್ಲಿ ಎರಡರ ನಡುವಿನ ಅಂತರ ಅಭಿಮಾನಿಗಳು ಹೇಳುವಷ್ಟು ದೊಡ್ಡದಲ್ಲ. ನನ್ನ ಎಣಿಕೆಯಲ್ಲಿ ಮನೆಬಳಕೆಗೆ ಅದಕ್ಕಿಂತ ದೊಡ್ಡ ಲಾಭ, ಲಿನಕ್ಸ್‌ನಲ್ಲಿ ತಂತ್ರಾಂಶಗಳು ಡಿಜಿಟಲ್ ಸಹಿಯಿರುವ ಒಂದೇ ಉಗ್ರಾಣದಿಂದ ಉಚಿತವಾಗಿ ಬರುವುದು. ಕ್ರ್ಯಾಕ್ ಮಾಡಿದ ಆಫೀಸು, ಕ್ರ್ಯಾಕ್ ಮಾಡಿದ ಫೋಟೊಶಾಪು ಹುಡುಕುತ್ತ ಹೋಗುವ ದಾರಿಯಲ್ಲೇ ಹೆಚ್ಚಿನ ವೈರಸ್ಸುಗಳು ಕಾದು ಕುಳಿತಿರುತ್ತವೆ.

ಇಷ್ಟಾದರೂ ಎಚ್ಚರ ತಪ್ಪುವಂತಿಲ್ಲ. ಸಿಸ್ಟಂ ಕಡತಗಳನ್ನು ಪಾಸ್‌ವರ್ಡ್ ಕಾಯುತ್ತದೆ, ಆದರೆ ನೀವೇ ಓಡಿಸಿದ ಕೇಡಿನ ಪ್ರೋಗ್ರಾಂ ನಿಮ್ಮ ಹೋಮ್ ಫೋಲ್ಡರಿನ ಫೋಟೊಗಳನ್ನು ಅಳಿಸಲು ಯಾರ ಅನುಮತಿಯನ್ನೂ ಕೇಳಬೇಕಿಲ್ಲ. ವಿಂಡೋಸ್ ಪ್ರೋಗ್ರಾಂ ಓಡಿಸಲೆಂದು ವೈನ್ ಎಂಬ ತಂತ್ರಾಂಶ ಹಾಕಿಕೊಂಡರೆ ಕೆಲವು ವಿಂಡೋಸ್ ವೈರಸ್ಸುಗಳಿಗೂ ಬಾಗಿಲು ತೆರೆದಂತೆಯೇ. 2016ರ ಮಿರಾಯ್ ಎಂಬ ಕೇಡಿನ ತಂತ್ರಾಂಶ, ಪಾಸ್‌ವರ್ಡ್ ಬದಲಿಸದೆ ಬಿಟ್ಟ ಲಿನಕ್ಸ್ ಕ್ಯಾಮೆರಾ, ರೂಟರ್‌ಗಳನ್ನೇ ಹಿಡಿದುಕೊಂಡಿತ್ತು. 2024ರಲ್ಲಿ ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶದಲ್ಲಿ ಯಾರೋ ಹುದುಗಿಸಿಟ್ಟಿದ್ದ ಕಳ್ಳಬಾಗಿಲು ಸಿಕ್ಕಿಬಿದ್ದದ್ದು, ಲಾಗಿನ್ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿರುವುದನ್ನು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಗಮನಿಸಿದ್ದರಿಂದ.

ಬದಲಾಯಿಸುವ ಮನಸ್ಸಾದರೆ ಮೊದಲು ಲಿನಕ್ಸನ್ನು ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ (ಕಂಪ್ಯೂಟರನ್ನು ಅದರಿಂದಲೇ ಶುರುಮಾಡಿ) ನೋಡಬಹುದು. ‘ಇನ್‌ಸ್ಟಾಲ್’ ಒತ್ತುವವರೆಗೆ ಅದು ಹಾರ್ಡ್‌ಡಿಸ್ಕಿನಲ್ಲಿ ತಾನಾಗಿ ಏನನ್ನೂ ಬರೆಯುವುದಿಲ್ಲ. ಆಗಲೇ ವೈಫೈ, ಧ್ವನಿ, ಪ್ರಿಂಟರ್ ಮೂರನ್ನೂ ಪರೀಕ್ಷಿಸಬೇಕು, ಏಕೆಂದರೆ ಅಗ್ಗದ ಕೆಲವು ಲೇಸರ್ ಪ್ರಿಂಟರ್‌ಗಳು ಲಿನಕ್ಸ್‌ನಲ್ಲಿ ಬಹಳ ಸತಾಯಿಸುತ್ತವೆ. ಕನ್ನಡ ಬರೆಯಲು ಲಿನಕ್ಸ್‌ನ ಟೈಪಿಂಗ್ ಸಾಧನ ಐಬಸ್‌ನಲ್ಲಿ ಕೆಜಿಪಿ ಎಂಬ ಕನ್ನಡ ಕೀಲಿಮಣೆ ವಿನ್ಯಾಸ ಸಿಗುತ್ತದೆ. ಹಳೆಯ ನುಡಿ ಫಾಂಟಿನ ಕಡತಗಳು ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಂಡರೆ ಗಾಬರಿ ಬೇಡ. ಆ ಫಾಂಟನ್ನೇ ಲಿನಕ್ಸ್‌ಗೂ ಹಾಕಿಕೊಂಡರೆ ಓದಲು ಬರುತ್ತದೆ, ಮುಂದಿನ ಬಳಕೆಗೆ ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಬಹುದು. ಅಂಗಡಿಯ ಲೆಕ್ಕ ಟ್ಯಾಲಿಯಲ್ಲಿದ್ದವರು ವಿಂಡೋಸನ್ನು ಪಕ್ಕದಲ್ಲೇ ಉಳಿಸಿಕೊಳ್ಳುವುದು ಲೇಸು. ಹಾಗೆ ಎರಡನ್ನೂ ಇಟ್ಟುಕೊಳ್ಳುವವರು ಎಲ್ಲಕ್ಕಿಂತ ಮೊದಲು ವಿಂಡೋಸ್‌ನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಆಯ್ಕೆಯನ್ನು ತೆಗೆದಿಡಬೇಕು. ಅದು ಇದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳದೆ ಅರ್ಧ ನಿದ್ದೆಯಲ್ಲಿರುತ್ತದೆ, ಮತ್ತು ಅದರ ಡಿ ಡ್ರೈವಿನ ಕಡತಗಳು ಲಿನಕ್ಸ್‌ನಲ್ಲಿ ಓದಲು ಸಿಕ್ಕರೂ ಬದಲಿಸಲು ಬರುವುದಿಲ್ಲ.