ಓದುಗರ ಪ್ರಶ್ನೆ: ಆಫೀಸಿನಲ್ಲಿ ಮೇಲ್ ಫಿಲ್ಟರ್ ಹಾಕಿದ್ದೇವೆ, ಫೋನ್‌ನಲ್ಲಿ ಯಾಕೆ ಕೆಲಸ ಮಾಡುತ್ತಿಲ್ಲ?

ಪ್ರಶ್ನೆ: ನಮ್ಮದು ರಾಯಚೂರಿನಲ್ಲಿ ಹತ್ತಿ ಜಿನ್ನಿಂಗ್ ಮಿಲ್. ಕಂಪನಿ ಹೆಸರಿನಲ್ಲೇ ಮೇಲ್ ಐಡಿ ಇದೆ, ಹೋಸ್ಟಿಂಗ್ ಕಂಪನಿಯಿಂದ ತಗೊಂಡಿದ್ದೇವೆ. ಆಫೀಸ್ ಕಂಪ್ಯೂಟರ್‌ನಲ್ಲಿ ಫಿಲ್ಟರ್ ಹಾಕಿದ್ದೇವೆ. ಬ್ಯಾಂಕಿನ ಮೇಲ್ ಒಂದು ಫೋಲ್ಡರ್‌ಗೆ, ಜಾಹೀರಾತು ಇನ್ನೊಂದಕ್ಕೆ. ವಾರವೆಲ್ಲ ಸರಿಯಾಗಿ ಹೋಗುತ್ತೆ. ಭಾನುವಾರ ಮಾತ್ರ ಫೋನ್ ತೆಗೆದರೆ ಎಲ್ಲಾ ಇನ್‌ಬಾಕ್ಸ್‌ನಲ್ಲೇ ಬಿದ್ದಿರುತ್ತೆ. ಹೋಸ್ಟಿಂಗ್‌ನವರ ಸರ್ವರ್ ಸರಿ ಇಲ್ವಾ?

ಉತ್ತರ: ಸರ್ವರ್ ಸರಿ ಇದೆ. ಭಾನುವಾರ ನಿಮ್ಮ ಆಫೀಸ್ ಕಂಪ್ಯೂಟರ್ ಬಂದ್ ಇರುತ್ತದೆ. ಕಾರಣ ಅದೇ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಗಂಜ್‌ನ ಅಡತ್ ಅಂಗಡಿಯವರು ಕೇಳಿದ್ದಾರೆ, ಮಾನ್ವಿ ಕಡೆಯ ರೈಸ್ ಮಿಲ್‌ನವರು ಕೇಳಿದ್ದಾರೆ, ಒಬ್ಬರು ಶಾಲೆಯ ಹೆಡ್‌ಮಾಸ್ಟರ್ ಎರಡು ಸಲ ಕೇಳಿದ್ದಾರೆ. ಎಲ್ಲರ ತಲೆಯಲ್ಲೂ ಕೂತಿರುವುದು ಒಂದೇ ನಂಬಿಕೆ: "ಫಿಲ್ಟರ್ ಹಾಕಿದ್ದು ನನ್ನ ಮೇಲ್ ಐಡಿಗೆ ತಾನೇ? ಐಡಿ ಎಲ್ಲಿ ತೆಗೆದರೂ ಫಿಲ್ಟರ್ ಇರಬೇಕು." ಇದು ತಪ್ಪು. ಇದನ್ನು ಬುಡಸಮೇತ ಕೀಳದೆ ಮುಂದಿನದು ಹೇಳಿ ಉಪಯೋಗವಿಲ್ಲ. ಹಾಗಾಗಿ ಇವತ್ತು ಇದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ.

ನೀವು ಫಿಲ್ಟರ್ ಹಾಕಿದ್ದು ಮೇಲ್ ಐಡಿಗೆ ಅಲ್ಲ, ಆ ಕಂಪ್ಯೂಟರ್‌ನಲ್ಲಿರುವ ಪ್ರೋಗ್ರಾಂಗೆ. ಥಂಡರ್‌ಬರ್ಡ್ ಇರಲಿ, ಔಟ್‌ಲುಕ್‌ನಲ್ಲಿ ಜೋಡಿಸಿದ ಸಾಮಾನ್ಯ ಐಮ್ಯಾಪ್ (ಮೇಲನ್ನು ಸರ್ವರ್‌ನಲ್ಲೇ ಇಟ್ಟು ನೋಡುವ ಪದ್ಧತಿ) ಖಾತೆ ಇರಲಿ, ನಿಯಮಗಳು ಕೂತಿರುವುದು ನಿಮ್ಮ ಹಾರ್ಡ್ ಡಿಸ್ಕ್‌ನ ಒಂದು ಫೈಲಿನಲ್ಲಿ. ಆ ಫೈಲ್ ಹೋಸ್ಟಿಂಗ್ ಕಂಪನಿಗೆ ಹೋಗುವುದೇ ಇಲ್ಲ.

ನಿಮ್ಮ ಮಿಲ್ಲಿನ ಗೇಟನ್ನೇ ನೆನೆಸಿಕೊಳ್ಳಿ. ಲಾರಿ ಬಂದ ಕೂಡಲೇ ಕಾಟಾದವನು ಚೀಟಿ ನೋಡಿ "ಇದು ಎರಡನೇ ಗೋಡೌನ್‌ಗೆ" ಅಂತ ಕಳಿಸಿದರೆ ಮಾಲು ನೇರ ಅಲ್ಲಿಗೇ ಹೋಗುತ್ತದೆ. ರಾತ್ರಿ ಎರಡಕ್ಕೆ ಬಂದರೂ ಹೋಗುತ್ತದೆ. ಇದು ಸರ್ವರ್ ಫಿಲ್ಟರ್. ಅದರ ಬದಲು ಎಲ್ಲ ಮಾಲನ್ನೂ ಅಂಗಳದಲ್ಲಿ ಇಳಿಸಿ, ಬೆಳಿಗ್ಗೆ ಗುಮಾಸ್ತ ಬಂದು ಹಮಾಲರನ್ನು ಕರೆದು "ಇದನ್ನ ಅಲ್ಲಿಡ್ರಿ, ಅದನ್ನ ಇಲ್ಲಿಡ್ರಿ" ಅಂದರೆ ಅದು ಕಂಪ್ಯೂಟರ್ ಫಿಲ್ಟರ್. ಕೊನೆಗೆ ಮಾಲು ಅದೇ ಗೋಡೌನ್ ಸೇರುತ್ತದೆ. ಆದರೆ ಗುಮಾಸ್ತ ಬರದಿದ್ದರೆ ಅಂಗಳದಲ್ಲೇ ಬಿದ್ದಿರುತ್ತದೆ. ನೀವು ಭಾನುವಾರ ಫೋನ್‌ನಲ್ಲಿ ನೋಡುತ್ತಿರುವುದು ಆ ಅಂಗಳವನ್ನೇ.

ಈ ನಂಬಿಕೆ ಸುಮ್ನೆ ಹುಟ್ಟಿದ್ದಲ್ಲ. ಐಮ್ಯಾಪ್‌ನಲ್ಲಿ ಮೇಲ್ ಇರುವುದು ಸರ್ವರ್‌ನಲ್ಲಿ. ಆಫೀಸ್ ಕಂಪ್ಯೂಟರ್ ಒಂದು ಮೇಲನ್ನು ಫೋಲ್ಡರ್‌ಗೆ ಸರಿಸಿದರೆ ಅದು ಸರ್ವರ್‌ನಲ್ಲೂ ಸರಿಯುತ್ತದೆ, ಫೋನ್‌ನಲ್ಲೂ ಹಾಗೇ ಕಾಣುತ್ತದೆ. ಕಂಪ್ಯೂಟರ್ ಆನ್ ಇರುವ ಹೊತ್ತಿನಲ್ಲಿ ಫೋನ್ ನೋಡಿದವರಿಗೆ ಫಿಲ್ಟರ್ ಫೋನ್‌ನಲ್ಲೂ ಇದೆ ಅನ್ನಿಸುವುದು ಸಹಜ. ವಾರದಲ್ಲಿ ಆರು ದಿನ ಸುಳ್ಳು ನಿಜದ ಹಾಗೇ ಕಾಣುತ್ತದೆ.

ಹೋದ ಹತ್ತಿ ಸೀಸನ್‌ನಲ್ಲಿ ಇಂಥದೇ ಒಂದು ಆಫೀಸಿನಲ್ಲಿ ಕೂತಿದ್ದೆ. ಬೆಳಿಗ್ಗೆ ಹತ್ತಾಗಿರಲಿಲ್ಲ. ಮಾಲೀಕರು ಫೋನ್‌ನಲ್ಲಿ ರಾತ್ರಿ ಬಂದ ಮೇಲ್ ಓದುತ್ತಿದ್ದರು. ಗುಮಾಸ್ತ ಬಂದ, ದೇವರ ಫೋಟೋಗೆ ಕೈಮುಗಿದ, ಕಂಪ್ಯೂಟರ್ ಆನ್ ಮಾಡಿದ. ಅರ್ಧ ನಿಮಿಷದಲ್ಲಿ ಮಾಲೀಕರ ಫೋನ್‌ನಿಂದ ಮೇಲ್‌ಗಳು ಒಂದೊಂದಾಗಿ ಕಾಣೆಯಾಗತೊಡಗಿದವು. "ನೋಡ್ರಿ ಸರ್, ನನ್ನ ಕಣ್ಣೆದುರಿಗೇ ಮೇಲ್ ಹೊಂಟಾವ. ಯಾರೋ ಹ್ಯಾಕ್ ಮಾಡ್ಯಾರ!" ಅಂತ ಎದ್ದೇ ನಿಂತರು. ನಾನು ಗುಮಾಸ್ತನಿಗೆ ಆ ಮೇಲ್ ಪ್ರೋಗ್ರಾಂ ಮುಚ್ಚು ಅಂದೆ. ಮೇಲ್ ಹೋಗುವುದು ನಿಂತಿತು. ತೆಗಿ ಅಂದೆ. ಮತ್ತೆ ಶುರುವಾಯಿತು. ಮಾಲೀಕರು ಸ್ವಲ್ಪ ಹೊತ್ತು ಆ ಕಂಪ್ಯೂಟರನ್ನೇ ನೋಡಿದರು. ಅವರಿಗೆ ಮತ್ತೇನೂ ವಿವರಿಸಬೇಕಾಗಲಿಲ್ಲ.

ಇನ್ನೂ ನಂಬಿಕೆ ಬರದಿದ್ದರೆ ಇನ್ನೊಂದು ಸಾಕ್ಷಿ ಇದೆ. ಯಾವಾಗಲಾದರೂ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿದ್ದೀರಾ? ಮತ್ತೆ ಐಡಿ, ಪಾಸ್‌ವರ್ಡ್ ಹಾಕಿದಾಗ ಹಳೆಯ ಮೇಲ್, ಫೋಲ್ಡರ್ ಎಲ್ಲಾ ವಾಪಸ್ ಬಂದವು. ಫಿಲ್ಟರ್ ಬರಲಿಲ್ಲ. ಅದು ಸರ್ವರ್‌ನಲ್ಲಿ ಇದ್ದಿದ್ದರೆ ಬರಬೇಕಿತ್ತು, ಅಲ್ವಾ? ಐಮ್ಯಾಪ್‌ನ ಕೆಲಸ ಇರುವ ಮೇಲನ್ನು ತೋರಿಸುವುದು, ಸರಿಸುವುದು, ಅಳಿಸುವುದು. "ಇನ್ನು ಮುಂದೆ ಇಂಥ ಮೇಲ್ ಬಂದರೆ ಹೀಗೆ ಮಾಡು" ಅಂತ ಸರ್ವರ್‌ಗೆ ಹೇಳಿಡುವುದು ಅದರ ಕೆಲಸ ಅಲ್ಲ. ಅದಕ್ಕೆ ಬೇರೆ ದಾರಿಯನ್ನೇ ಮಾಡಬೇಕಾಯಿತು. ನಿಯಮ ಬರೆಯಲು ಸೀವ್ ಎಂಬ ಪುಟ್ಟ ಭಾಷೆ 2001ರಲ್ಲಿ ಪ್ರಮಾಣಿತವಾಗಿ ಬಂತು, 2008ರಲ್ಲಿ ಪರಿಷ್ಕರಣೆ ಆಯಿತು. ಆ ನಿಯಮಗಳನ್ನು ಸರ್ವರ್‌ಗೆ ಮುಟ್ಟಿಸಲು ಮ್ಯಾನೇಜ್‌ಸೀವ್ ಎಂಬ ಪದ್ಧತಿ 2010ರಲ್ಲಿ ಪ್ರಮಾಣಿತವಾಯಿತು. ಅದರ ಪೋರ್ಟ್, ಅಂದರೆ ಸರ್ವರ್‌ಗೆ ಹೋಗುವ ಬಾಗಿಲಿನ ನಂಬರ್, ಕೂಡ ಬೇರೆ: ಐಮ್ಯಾಪ್‌ಗೆ 993, ಇದಕ್ಕೆ 4190.

ಸೀವ್ ಅಂದರೆ ಜರಡಿ, ನಮ್ಮ ಕಡೆಯ ಸಾಣಿಗೆ. ಇದನ್ನು ರೂಪಿಸಿದವರ ಬಗ್ಗೆ ನನಗೆ ತುಂಬಾ ಗೌರವ. ಬೇಕೆಂದೇ ಇದರಲ್ಲಿ ಲೂಪ್ ಇಡಲಿಲ್ಲ. ಹಾಗಾಗಿ ಯಾರೋ ಒಬ್ಬರು ತಪ್ಪು ನಿಯಮ ಬರೆದರೆ ಅದು ಸುತ್ತುತ್ತಾ ಕೂತು ಸರ್ವರ್ ಕೆಡಿಸುವುದಿಲ್ಲ. ಯಾವ ನಿಯಮಕ್ಕೂ ಸಿಗದ ಮೇಲ್ ಇನ್‌ಬಾಕ್ಸ್‌ನಲ್ಲೇ ಉಳಿಯುತ್ತದೆ. ಫಿಲ್ಟರ್ ಹಾಕಿದರೆ ಮೇಲ್ ಕಳೆದುಹೋಗುತ್ತದೆ ಅಂತ ಹೆದರುವವರು ಈ ಮಾತು ನೆನಪಿಡಬೇಕು. ಕಾಳು ಸಾಣಿಗೆಯಿಂದ ಜಾರಿದರೂ ಮನೆಯೊಳಗೇ ಬೀಳುತ್ತದೆ.

ಈಗ ಹಾಕುವ ವಿಧಾನ. ಬ್ರೌಸರ್ ತೆಗೆದು ಹೋಸ್ಟಿಂಗ್‌ನವರು ಕೊಟ್ಟ ವೆಬ್‌ಮೇಲ್ ವಿಳಾಸಕ್ಕೆ ಹೋಗಿ. ಅಲ್ಲಿ ರೌಂಡ್‌ಕ್ಯೂಬ್ ಎಂಬ ವೆಬ್‌ಮೇಲ್ ಪ್ರೋಗ್ರಾಂ ಇದ್ದರೆ ಸೆಟ್ಟಿಂಗ್ಸ್ ಒಳಗೆ ಫಿಲ್ಟರ್ಸ್ ಅಂತ ಇರುತ್ತದೆ. ಅಲ್ಲಿ ತುಂಬಿದ್ದೇ ಸೀವ್ ನಿಯಮವಾಗುತ್ತದೆ. ಹೊಸದು ತೆರೆದು ಹೆಸರು ಕೊಡಿ, ಕಳಿಸಿದವರ ವಿಳಾಸ ಹಾಕಿ, ಯಾವ ಫೋಲ್ಡರ್‌ಗೆ ಹೋಗಬೇಕೋ ಆರಿಸಿ, ಸೇವ್ ಮಾಡಿ. ಅಲ್ಲಿ ಫಿಲ್ಟರ್ಸ್ ಕಾಣದಿದ್ದರೆ, ಮತ್ತು ನಿಮ್ಮದು ಸಿಪ್ಯಾನೆಲ್ (ಹೋಸ್ಟಿಂಗ್ ಖಾತೆ ನಿಭಾಯಿಸುವ ಪುಟ) ಇರುವ ಹೋಸ್ಟಿಂಗ್ ಆಗಿದ್ದರೆ, ಅದರೊಳಗೆ ಇಮೇಲ್ ಫಿಲ್ಟರ್ಸ್ ಅಂತ ಇದೆ. ಪಕ್ಕದಲ್ಲೇ ಗ್ಲೋಬಲ್ ಇಮೇಲ್ ಫಿಲ್ಟರ್ಸ್ ಅಂತ ಇನ್ನೊಂದಿರುತ್ತದೆ. ಅದು ನಿಮ್ಮ ಖಾತೆಯ ಎಲ್ಲ ಮೇಲ್ ಐಡಿಗಳಿಗೂ ತಗಲುತ್ತದೆ, ಅದನ್ನು ಮುಟ್ಟಬೇಡಿ. ಎರಡೂ ಇಲ್ಲದಿದ್ದರೆ ಹೋಸ್ಟಿಂಗ್‌ನವರಿಗೆ "ಸರ್ವರ್ ಸೈಡ್ ಫಿಲ್ಟರ್ ಎಲ್ಲಿದೆ?" ಅಂತ ಇದೇ ಪದದಲ್ಲಿ ಕೇಳಿ. ಬರೀ ಫಿಲ್ಟರ್ ಅಂದರೆ ಸ್ಪ್ಯಾಮ್ ಬಗ್ಗೆ ಹೇಳಲು ಶುರುಮಾಡುತ್ತಾರೆ.

ಇದಾದ ಮೇಲೆ ಆಫೀಸ್ ಕಂಪ್ಯೂಟರ್‌ನ ಹಳೆಯ ಫಿಲ್ಟರ್‌ಗಳನ್ನು ತೆಗೆದುಹಾಕಿ. ತೆಗೆಯುವ ಮುಂಚೆ ಅವುಗಳಿಂದ ಒಂದು ಕೆಲಸ ಮಾಡಿಸಿಕೊಳ್ಳಿ. ಸರ್ವರ್ ಫಿಲ್ಟರ್ ಹೊಸದಾಗಿ ಬರುವ ಮೇಲನ್ನು ಮಾತ್ರ ನೋಡುತ್ತದೆ. ಇನ್‌ಬಾಕ್ಸ್‌ನಲ್ಲಿ ಈಗಾಗಲೇ ಬಿದ್ದಿರುವ ಹಳೆಯ ರಾಶಿಯನ್ನು ಕಂಪ್ಯೂಟರ್ ಫಿಲ್ಟರ್‌ನಿಂದಲೇ ಕೊನೆಯ ಸಲ ಗುಡಿಸಿಬಿಡಿ.

ಒಂದು ಎಚ್ಚರಿಕೆ, ಇದು ಮುಖ್ಯ. ಆಫೀಸಿನಲ್ಲಿ ಇನ್ನೊಂದು ಕಂಪ್ಯೂಟರ್, ಅಂದರೆ ಟ್ಯಾಲಿ ನೋಡುವವರದು, ಇದೇ ಐಡಿಯನ್ನು ಪಾಪ್ (ಮೇಲನ್ನು ಕಂಪ್ಯೂಟರ್‌ಗೆ ಇಳಿಸಿಕೊಳ್ಳುವ ಹಳೆಯ ಪದ್ಧತಿ) ಮೂಲಕ ತೆಗೆಯುತ್ತಿದ್ದರೆ ಅದಕ್ಕೆ ಇನ್‌ಬಾಕ್ಸ್ ಬಿಟ್ಟು ಬೇರೆ ಫೋಲ್ಡರ್ ಕಾಣುವುದಿಲ್ಲ. ಸರ್ವರ್‌ನಲ್ಲಿ ಬಿಲ್ ಮೇಲ್‌ಗಳನ್ನು ಫೋಲ್ಡರ್‌ಗೆ ಹಾಕಿದ ದಿನದಿಂದ ಅವರಿಗೆ ಬಿಲ್ ಬರುವುದು ನಿಲ್ಲುತ್ತದೆ. ಮೊದಲು ಆ ಕಂಪ್ಯೂಟರನ್ನೂ ಐಮ್ಯಾಪ್‌ಗೆ ಬದಲಾಯಿಸಿ, ಆಮೇಲೆ ಫಿಲ್ಟರ್ ಹಾಕಿ. ಫೋನ್‌ಗಳೂ ಬಹಳ ಸಲ ಇನ್‌ಬಾಕ್ಸ್‌ಗೆ ಬಂದ ಮೇಲಿಗೆ ಮಾತ್ರ ಸದ್ದು ಮಾಡುತ್ತವೆ. ಅದಕ್ಕೇ ನಾನು ಯಾವಾಗಲೂ ಹೇಳುವುದು: ಪಾರ್ಟಿಯ ಮೇಲ್, ಬ್ಯಾಂಕಿನ ಮೇಲ್ ಇನ್‌ಬಾಕ್ಸ್‌ನಲ್ಲೇ ಇರಲಿ. ಜಾಹೀರಾತು, ಸುತ್ತೋಲೆಗಳನ್ನು ಹೊರಗೆ ಕಳಿಸಿ. ನೀವು ಬ್ಯಾಂಕನ್ನು ಫೋಲ್ಡರ್‌ಗೆ ಹಾಕಿದ್ದು ನನಗೆ ಸರಿ ಕಾಣುವುದಿಲ್ಲ. ಅಳಿಸು ಅನ್ನುವ ನಿಯಮವನ್ನಂತೂ ಮೊದಲ ತಿಂಗಳು ಹಾಕಲೇಬೇಡಿ. ಫೋಲ್ಡರ್‌ಗೆ ಹಾಕಿ, ಏನೇನು ಬೀಳುತ್ತದೆ ನೋಡಿ.

ಯಾಕೆ ನೋಡಬೇಕು ಅಂದರೆ, "ಸಬ್ಜೆಕ್ಟ್‌ನಲ್ಲಿ ಈ ಪದ ಇದ್ದರೆ" ಅನ್ನುವ ನಿಯಮ ಪದವನ್ನು ಹುಡುಕುವುದಿಲ್ಲ, ಅಕ್ಷರಗಳ ಸಾಲನ್ನು ಹುಡುಕುತ್ತದೆ. ಒಬ್ಬರು ಹತ್ತಿ ರೇಟಿನ ಮೇಲ್‌ಗಾಗಿ ಇಂಗ್ಲಿಷಿನಲ್ಲಿ ರೇಟ್ ಅಂತ ಹಾಕಿದ್ದರು. ಕಾರ್ಪೊರೇಟ್ ಅಂತ ಇದ್ದ ಮೇಲ್ ಎಲ್ಲಾ ಅದರೊಳಗೆ ಹೋಗಿ ಬಿದ್ದಿದ್ದವು. ಕಾರ್ಪೊರೇಟ್‌ನ ಬಾಲದಲ್ಲೇ ರೇಟ್ ಇದೆ.

ಇಲ್ಲಿಗೆ ನಿಮ್ಮ ಪ್ರಶ್ನೆ ಮುಗಿಯಿತು. ಆದರೆ ಯಾರೂ ಕೇಳದ ಇನ್ನೊಂದು ಪ್ರಶ್ನೆ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ಸಬ್ಜೆಕ್ಟ್ ಕನ್ನಡದಲ್ಲಿದ್ದರೆ ಫಿಲ್ಟರ್ ಹಿಡಿಯುತ್ತದಾ?

ಸೀವ್ ಹಿಡಿಯುತ್ತದೆ. ಕನ್ನಡ ಸಬ್ಜೆಕ್ಟ್ ಸಾಮಾನ್ಯವಾಗಿ ದಾರಿಯಲ್ಲಿ ಕನ್ನಡವಾಗಿ ಬರುವುದಿಲ್ಲ, ಇಂಗ್ಲಿಷ್ ಅಕ್ಷರ, ಅಂಕಿಗಳ ಗಂಟು ಕಟ್ಟಿಕೊಂಡು ಬರುತ್ತದೆ. ಸೀವ್ ಆ ಗಂಟು ಬಿಚ್ಚಿ ಯೂನಿಕೋಡ್‌ಗೆ, ಅಂದರೆ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಇರುವ ಪದ್ಧತಿಗೆ, ತಂದ ಮೇಲೆಯೇ ಹೋಲಿಸಿ ನೋಡುತ್ತದೆ. ತೊಂದರೆ ಇರುವುದು ಬರೆಯುವ ನಮ್ಮ ಕಡೆ. ಒಬ್ಬರು ಕೊಟೇಶನ್ ಅಂತಾರೆ, ಇನ್ನೊಬ್ಬರು ಕೊಟೇಷನ್, ಮತ್ತೊಬ್ಬರು ಕೋಟೇಶನ್. ಇನ್ವಾಯ್ಸ್ ಅಂತ ಒತ್ತು ಕೊಟ್ಟು ಬರೆದರೆ ಒಂದು, ಇನ್‌ವಾಯ್ಸ್ ಅಂತ ಬಿಡಿಸಿ ಬರೆದರೆ ಇನ್ನೊಂದು. ಬಿಡಿಸಿದ್ದರಲ್ಲಿ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಕೂತಿರುತ್ತದೆ. ಓದುವ ನಮಗೆ ಎಲ್ಲಾ ಒಂದೇ, ಫಿಲ್ಟರ್‌ಗೆ ಎಲ್ಲಾ ಬೇರೆ ಬೇರೆ.

ನುಡಿಯ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಪತ್ರದಿಂದ ಸಾಲು ಎತ್ತಿ ಸಬ್ಜೆಕ್ಟ್‌ಗೆ ಅಂಟಿಸುವವರೂ ಇದ್ದಾರೆ. ಆ ಫಾಂಟ್‌ನ ಒಳಗಿರುವುದು ಕನ್ನಡ ಅಕ್ಷರ ಅಲ್ಲ, ಕನ್ನಡದ ರೂಪ ತೊಟ್ಟ ಲ್ಯಾಟಿನ್ ಅಕ್ಷರ. ಫಾಂಟ್ ಬಿಟ್ಟು ಬಂದ ಕೂಡಲೇ ಅರ್ಥವಿಲ್ಲದ ಅಕ್ಷರಗಳ ಸಾಲಾಗುತ್ತದೆ. ಅಂಥ ಕಡೆಯಿಂದ ಬರುವ ಮೇಲಿಗೆ ಸಬ್ಜೆಕ್ಟ್ ನೆಚ್ಚಿಕೊಳ್ಳಬೇಡಿ, ಕಳಿಸಿದವರ ವಿಳಾಸವನ್ನೇ ನಿಯಮದಲ್ಲಿ ಹಾಕಿ.

ನಿಮ್ಮದು ಹತ್ತಿ ವ್ಯಾಪಾರ ಅಂತ ಇದೂ ಹೇಳಿಬಿಡುತ್ತೇನೆ. ಹತ್ತಿ ಅಂತಷ್ಟೇ ನಿಯಮ ಹಾಕಿದರೆ "ಗಡುವು ಹತ್ತಿರ ಬಂದಿದೆ" ಅನ್ನುವ ಮೇಲೂ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದು ಸಾಲಿನಲ್ಲಿ "ಹತ್ತಿ ದರ", ಕೆಳಗಿನ ಸಾಲಿನಲ್ಲಿ "ಹತ್ತಿಯ ದರ" ಅಂತ ಹಾಕಿ. ಮೇಲೆ, ಎಲ್ಲ ಸಾಲೂ ಹೊಂದಬೇಕು ಅನ್ನುವುದರ ಬದಲು ಯಾವುದಾದರೂ ಒಂದು ಹೊಂದಿದರೆ ಸಾಕು ಅನ್ನುವುದನ್ನು ಆರಿಸಿ. ಶನಿವಾರ ಸಂಜೆ ಆಫೀಸ್ ಕಂಪ್ಯೂಟರ್ ಬಂದ್ ಮಾಡಿದ ಮೇಲೆ ಬೇರೆ ಐಡಿಯಿಂದ ಅದೇ ಸಬ್ಜೆಕ್ಟ್ ಇಟ್ಟು ಒಂದು ಮೇಲ್ ಕಳಿಸಿ, ಫೋನ್‌ನಲ್ಲಿ ಆ ಫೋಲ್ಡರ್ ತೆಗೆದು ನೋಡಿ.